ಅಪ್ಪನ ಚಾಕುವಿನ ಕುಗ್ಗಿದ ಹಿಡಿ

ಆ ಚಾಕು ಅಪ್ಪನದೇ. ನನಗೆ ಗೊತ್ತಿತ್ತು. ಗೊತ್ತಿದ್ದೂ ಅಲ್ಲ ಎಂದೆ — ಬಾಯಿ ತಪ್ಪಿ ಅಲ್ಲ, ಬೇಕೆಂದೇ.

ಭಾಲ್ಕಿಯ ನಮ್ಮ ಮನೆಯ ಪಡಸಾಲೆ. ಕಂಬಕ್ಕೊರಗಿ ಅಪ್ಪನ ತಮ್ಮ ಸಿದ್ರಾಮ ಕಾಕಾ. ಎದುರಿಗೆ ಔರಾದಿನಿಂದ ಬಂದ ನಮ್ಮಕ್ಕ ಕಮಳಾ. ಗೋಡೆ ನೋಡುತ್ತ ಕುಳಿತ ಅಣ್ಣ. ಅಡುಗೆಮನೆಯ ಬಾಗಿಲಲ್ಲಿ ಅಣ್ಣನ ಹೆಂಡತಿ, ಶಾಂತಾ ವೈನಿ. ನಡುವೆ ನಾನು — ಬೀದರಿನಲ್ಲಿ ಕತ್ತರಿ, ಚಾಕುಗಳಿಗೆ ಸಾಣೆ ಹಿಡಿಯುವ ದುಕಾನು ಇಟ್ಟವನು. ಅಪ್ಪ ತೀರಿ ವರ್ಷಗಳಾಗಿದ್ದವು. ಅಂದು ಅವರ ಸಾಮಾನು ಹಂಚಿಕೊಳ್ಳಲು ಕೂಡಿದ್ದೆವು.

ಅಪ್ಪ ಪೇರಲ, ಮಾವಿನ ಗಿಡಗಳಿಗೆ ಕಸಿ ಕಟ್ಟುತ್ತಿದ್ದರು. ಕಮಠಾಣ, ಬಗದಲ್ ಕಡೆಯ ತೋಟದವರು ಅವರನ್ನೇ ಕಾಯುತ್ತಿದ್ದರು. ಅಂಗಿಯ ಜೇಬಿನಲ್ಲಿ ಸದಾ ಒಂದು ಮಡಚುವ ಚಾಕು — ಜೇನುಬಣ್ಣದ ಪ್ಲಾಸ್ಟಿಕ್ ಹಿಡಿ, ಬೆರಳಿಂದ ಉಜ್ಜಿದರೆ ಸಣ್ಣಗೆ ಕರ್ಪೂರದ ವಾಸನೆ. ಅವರು ಹಾಸಿಗೆ ಹಿಡಿದ ಮೇಲೆ ಮೈ ಒರೆಸಿ, ತುತ್ತು ಉಣಿಸಿದವಳು ವೈನಿ. ಕೊನೆಗೆ ಚಾಕುವನ್ನು ಅಪ್ಪ ಆಕೆಯ ಕೈಗೇ ಕೊಟ್ಟರು. ಮಗಳಿಗಲ್ಲ, ಗಂಡುಮಕ್ಕಳಿಗಲ್ಲ — ಸೊಸೆಗೆ. ಆಕೆ ಅದನ್ನು ಅರಿವೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಟ್ರಂಕಿನ ತಳದಲ್ಲಿ ಜೋಪಾನ ಮಾಡಿದ್ದಳು.

ಅಂದು ಡಬ್ಬಿ ತೆಗೆದಾಗ ಹೊರಬಂದದ್ದನ್ನು ಯಾರೂ ಗುರುತಿಸಲಿಲ್ಲ. ಹಿಡಿ ಕುಗ್ಗಿ, ಎರಡೂ ತುದಿಗೆ ಒಳಗಿನ ಹಿತ್ತಾಳೆಯ ತಗಡು ಹೊರಚಾಚಿತ್ತು. ಮೊಳೆಗಳ ಸುತ್ತ ಬಿರುಕು. ಅಲಗಿಗೆ ತುಕ್ಕು.

“ಇದು ಅಪ್ಪಂದಲ್ಲ!” ಕಮಳಕ್ಕ ಸಿಡಿದಳು. “ಅಪ್ಪನ ಚಾಕು ಅಂಗೈ ತುಂಬ ಇತ್ತು. ಇದೇನಿದು, ಹುಡುಗುರ ಆಟಗಿ ಸಾಮಾನೇನು? ಚೊಲೋದು ತವರಮನಿಗಿ ಕಳಿಸಿ, ಈ ಕಚರಾ ತಂದಿಟ್ಟಾಳ!”

“ಮಾವ ಹ್ಯಾಂಗ ಕೊಟ್ಟಿದ್ರೋ ಹಾಂಗೇ ಇಟ್ಟೀನ್ರಿ. ಡಬ್ಬಿ ಸುದ್ದಾ ತೆಗೆದಿಲ್ಲ,” ವೈನಿ ಅಂದಳು.

ಕಾಕಾ ಕೈ ಎತ್ತಿದರು. “ಜಗಳ ಯಾಕ? ನಾಗ್ಯಾ ಅದಾನಲ್ಲ, ದಿನಾ ಚಾಕು ಹಿಡಿಯಾವ. ನೀ ಹೇಳಪಾ, ಇದು ನಿಮ್ಮಪ್ಪಂದೇನು?”

ಚಾಕು ನನ್ನ ಕೈಗೆ ಬಂತು. ಇಂಥವು ನನ್ನ ದುಕಾನಿಗೆ ಎಷ್ಟೋ ಬಂದಿದ್ದವು. ಕರ್ಪೂರ ಸೇರಿಸಿ ಮಾಡುತ್ತಿದ್ದ ಆ ಹಳೆಯ ಪ್ಲಾಸ್ಟಿಕ್ ವರ್ಷ ಕಳೆದಂತೆ ತಾನೇ ಕುಗ್ಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಅದರಿಂದ ಹೊರಬರುವ ಹುಳಿ ಆವಿ ಅಲಗನ್ನೂ ತಿನ್ನುತ್ತದೆ. ವೈನಿಯ ಜೋಪಾನವೇ ಅದನ್ನು ಕೆಡಿಸಿತ್ತು. ಅಷ್ಟೇ ಅಲ್ಲ — ಅಲಗನ್ನು ಅರ್ಧ ಎಳೆದೆ. ಬುಡದಲ್ಲಿ ಒಂದು ಕಚ್ಚು. ಚಿಕ್ಕವನಿದ್ದಾಗ ತಂತಿ ಕತ್ತರಿಸಲು ಹೋಗಿ ನಾನೇ ಮಾಡಿ, ಅಪ್ಪನಿಂದ ಏಟು ತಿಂದ ಕಚ್ಚು. ನನ್ನ ಉಗುರು ಅದರೊಳಗೆ ಸರಿಯಾಗಿ ಕೂತಿತು.

ಮಡಚಿಬಿಟ್ಟೆ.

ಯಾಕೆ ಎಂದರೆ — ಹಿಂದಿನ ವರ್ಷ ನನಗೆ ಹೆಣ್ಣು ಕೊಡಲು ಬಂದವರು ವೈನಿಯನ್ನು ಮರೆಗೆ ಕರೆದು ಕೇಳಿದ್ದರು. “ದುಕಾನ್ ಮುಂಜಾನಿ ತೆಗೀತಾನ, ಮಧ್ಯಾಹ್ನಕ್ಕ ಕುಡದು ಮಕ್ಕೋತಾನ. ನೋಡಿ ಕೊಡ್ರಿ,” ಅಂದಿದ್ದಳಂತೆ. ಅವರು ತಿರುಗಿ ಬರಲಿಲ್ಲ. ಆಕೆ ಸುಳ್ಳು ಹೇಳಿದ್ದರೆ ಎದುರು ನಿಂತು ಜಗಳಾಡುತ್ತಿದ್ದೆ. ಹೇಳಿದ್ದು ನಿಜ. ಅದಕ್ಕೇ ಆ ಉರಿ ಆರಲೇ ಇಲ್ಲ.

“ಅಪ್ಪಂದಲ್ಲ ಕಾಕಾ. ಹಿಡಿ ಸಣ್ಣದದ.”

ವೈನಿ ನನ್ನನ್ನೇ ನೋಡಿದಳು. “ನಾಗಣ್ಣ, ಇನ್ನೊಮ್ಮಿ ನೋಡಪಾ.”

“ನೋಡೀನಿ,” ಎಂದೆ.

ಅಣ್ಣ ಗೋಡೆಯಿಂದ ಕಣ್ಣು ಕೀಳಲಿಲ್ಲ. ಅಂದಿನಿಂದ ಬಳಗದ ಯಾವ ಕಾರ್ಯದಲ್ಲೂ ವೈನಿಗೆ ಉಗ್ರಾಣದ ಕೀಲಿ ಸಿಗಲಿಲ್ಲ, ಕೈಗೆ ಸೌಟು ಬರಲಿಲ್ಲ. ಆಕೆ ಕೋಣೆಯೊಳಗೆ ಬಂದರೆ ಯಾರಾದರೊಬ್ಬರು ಮೆಲ್ಲಗೆ ಎದ್ದು ಕಪಾಟಿಗೆ ಬೀಗ ಹಾಕುತ್ತಿದ್ದರು. ಆ ಬೀಗದ ಸದ್ದು ನನಗೆ ಸಿಹಿಯಾಗಿತ್ತು — ಇದನ್ನೂ ಬರೆಯಬೇಕು. ಆಕೆ ಹೊರಗಿನ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದರೆ, ಕೂತಿರು, ನನ್ನ ಮನೆ ಕಟ್ಟಗೊಡದವಳೇ, ಎಂದುಕೊಳ್ಳುತ್ತಿದ್ದೆ. ಒಂದು ಕಾರ್ಯದಲ್ಲಲ್ಲ. ಪ್ರತಿ ಕಾರ್ಯದಲ್ಲೂ.

ಕಳೆದ ಬೇಸಿಗೆಯಲ್ಲಿ ಕಮಳಕ್ಕ ದುಕಾನಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ಚಾಕು ಇಟ್ಟಳು. ಅಪ್ಪ ತಮ್ಮದರ ಜೋಡಿಯಾಗಿ ಕೊಂಡು, ಅಳಿಯನಿಗೆಂದು ಕೊಟ್ಟದ್ದು. ಔರಾದಿನ ಅವಳ ಕಪಾಟಿನಿಂದ ಎಂದೂ ಹೊರಬಿದ್ದಿರಲಿಲ್ಲ. ಅದೇ ಕುಗ್ಗಿದ ಹಿಡಿ, ಅದೇ ಬಿರುಕು, ಅದೇ ತುಕ್ಕು.

“ನಾಗ್ಯಾ, ಇದನ್ನ ಯಾರು ಬದಲಿ ಮಾಡ್ಯಾರ ಹೇಳು?”

“ಯಾರೂ ಇಲ್ಲಕ್ಕ. ಅದು ಕುಗ್ಗತದ.”

“ಅವತ್ತು ಗೊತ್ತಿತ್ತೇನು?”

ಸಾಣೆಯ ಚಕ್ರ ನಿಲ್ಲಿಸಿದೆ. ಆಮೇಲೆ, “ಗೊತ್ತಿತ್ತು,” ಎಂದೆ.

“ನನ್ನ ಬಾಯಿಲೆ ಆಕಿನ ಕಳ್ಳಿ ಅನಿಸಿದಿ, ಹಾಳಾದವನೇ,” ಎಂದು ಚಾಕು ಎತ್ತಿಕೊಂಡು ಸೀದಾ ಭಾಲ್ಕಿಯ ಬಸ್ಸು ಹತ್ತಿದಳು.

ಮರುದಿನ ನಾನೂ ಹೋದೆ. ವೈನಿ ಜೋಳ ಹಸನು ಮಾಡುತ್ತಿದ್ದಳು, ಮೊರ ಕೆಳಗಿಡಲಿಲ್ಲ.

“ನನ್ನ ಮುಂದ ಹೇಳಬ್ಯಾಡ. ನನಗ ಮೊದಲೇ ಗೊತ್ತದ. ಕಾಕಾನ ಮುಂದ ಹೇಳು. ಪಂಗ್ತಿ ಮುಂದ ಹೇಳು.”

ಆಕೆಯ ಮಗಳ ನಿಶ್ಚಿತಾರ್ಥಕ್ಕೆ ಬಳಗವೆಲ್ಲ ಕೂಡಿತ್ತು. ಊಟಕ್ಕೆ ಕುಳಿತಾಗ ಎದ್ದು ನಿಂತು ಹೇಳಿದೆ — ಕಚ್ಚಿನ ಮಾತು, ಹಿಡಿಯ ಮಾತು, ನನ್ನ ಹೊಟ್ಟೆಯ ಉರಿಯ ಮಾತು, ಎಲ್ಲ. ಕಾಕಾ ತಲೆ ತಗ್ಗಿಸಿದರು. ಅಣ್ಣ ಮೊದಲ ಸಲ ಗೋಡೆಯನ್ನು ಬಿಟ್ಟು ನನ್ನನ್ನು ನೋಡಿದ. ಕಮಳಕ್ಕ ಎದ್ದು, ತನ್ನ ಸೊಂಟದಲ್ಲಿದ್ದ ಉಗ್ರಾಣದ ಕೀಲಿ ಬಿಚ್ಚಿ ವೈನಿಯ ಕೈಗಿಟ್ಟಳು.

ವೈನಿ ಹುಗ್ಗಿಯ ಪಾತ್ರೆ ಹಿಡಿದು ಬಡಿಸುತ್ತ ಬಂದಳು. ಕಾಕಾನಿಗೆ ಬಡಿಸಿದಳು. ಅಣ್ಣನಿಗೆ ಬಡಿಸಿದಳು. ನನ್ನ ಪತ್ರಾವಳಿ ದಾಟಿ ಕಮಳಕ್ಕನ ಮುಂದೆ ಬಗ್ಗಿದಳು. ಅದನ್ನು ನೋಡಿ ಹಿಂದೆ ಅನ್ನ, ಸಾರು ತರುತ್ತಿದ್ದವರೂ ನನ್ನನ್ನು ದಾಟಿಹೋದರು. ಪಂಗ್ತಿಯಲ್ಲಿ ಕಡೆಯವರು ಉಂಡು ಮುಗಿಸುವ ತನಕ ಯಾರೂ ಏಳುವಂತಿಲ್ಲ. ಖಾಲಿ ಪತ್ರಾವಳಿಯ ಮುಂದೆ ನಾನು ಕುಳಿತೇ ಇದ್ದೆ.