ಪಕ್ಕದಂಗಡಿಯ ಕಿಡಿ

ರಾಣೆಬೆನ್ನೂರಿನಲ್ಲಿ ಕಾರು ತೊಳೆದು ಪಾಲಿಶ್ ಮಾಡುವ ಅಬ್ದುಲರಜಾಕನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಜನ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೇನು, ಅವರ ಪಕ್ಕದಲ್ಲಿ ಶಶಿಕಾಂತನ ಗ್ರಿಲ್ ಅಂಗಡಿ ಇರಲಿಲ್ಲವಲ್ಲ!

ಶಶಿಕಾಂತ ಬಯಲಲ್ಲೇ ಕೂತು ಗ್ರೈಂಡರಿನಿಂದ ಕಬ್ಬಿಣ ಕೊಯ್ಯುತ್ತಿದ್ದ. ಕಿಡಿ ಹಾರಿ, ರಜಾಕ ತೊಳೆದು ನಿಲ್ಲಿಸಿದ ಕಾರುಗಳ ಮೇಲೆ ಬೀಳುತ್ತಿತ್ತು. ಅವತ್ತಿಗೆ ಏನೂ ಕಾಣದು. ಕಬ್ಬಿಣದ ಕಣ ಬಣ್ಣಕ್ಕೆ ಕಚ್ಚಿಕೊಂಡು, ಒಂದು ಮಳೆ ಬಿದ್ದ ಮೇಲೆ ಬಿಳಿ ಕಾರಿನ ತುಂಬ ತುಕ್ಕಿನ ಚುಕ್ಕಿ. ಬೈಗುಳ ಮಾತ್ರ ರಜಾಕನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅವನ ನೀರೇ ಕೆಟ್ಟದ್ದೆಂದು ಗುತ್ತಲದ ಗಿರಾಕಿಗಳು ಬರುವುದನ್ನೇ ಬಿಟ್ಟರು. ಇನ್ನೊಂದು ಮಳೆಗಾಲ ಹೀಗೇ ಹೋದರೆ ಅಂಗಡಿಗೆ ಬೀಗವೇ ಗತಿ.

“ನಡುವ ಒಂದು ತಗಡರ ಕಟ್ಟೋ,” ಎಂದರೆ ಶಶಿಕಾಂತ ನಗುತ್ತಿದ್ದ. “ನಿನ್ನ ಕೈಗುಣ ಸರಿ ಇಲ್ಲ, ನನ್ನ ಮ್ಯಾಲ ಯಾಕ ಹಾಕತೀ?”

೨೦೦೭ರ ಮಳೆಗಾಲಕ್ಕೆ ಶಶಿಕಾಂತನೇ ಒಂದು ಹಳೆಯ ಬಿಳಿ ಕಾರು ಕೊಂಡು ತನ್ನ ಅಂಗಡಿ ಮುಂದೆ ನಿಲ್ಲಿಸಿದ. ಮಳೆ ಬಂತು, ಚುಕ್ಕಿಯೂ ಬಂತು. ಅಳುಮೋರೆ ಹಾಕಿಕೊಂಡು ಕಾರನ್ನು ರಜಾಕನ ಬಳಿಗೇ ತಂದ. ರಜಾಕನಿಗೆ ಹಾಲು ಕುಡಿದಷ್ಟು ಸಂತೋಷ. ಶಶಿಕಾಂತನ ಕೈ ಹಿಡಿದು ಬಾನೆಟ್ಟಿನ ಮೇಲೆ ಎಳೆದ. ಉಸುಕು ಸವರಿದಂತೆ ಗರಗರ.

“ಇದು ನಿನ್ನ ಗ್ರೈಂಡರಿನ ಕಬ್ಬಿಣ. ಖರೇನೋ, ಸುಳ್ಳೋ?”

“ಖರೇ ಐತೋ ಮಾರಾಯ,” ಎಂದ ಶಶಿಕಾಂತ.

ಅಷ್ಟು ಸಾಕಿತ್ತು. ಕಣಕದಂಥ ಮೆತ್ತನೆಯ ಉಂಡೆಯೊಂದನ್ನು ರಜಾಕ ಹುಬ್ಬಳ್ಳಿಯಿಂದ ತರಿಸಿಟ್ಟಿದ್ದ; ಅದಕ್ಕೆ ಕ್ಲೇ ಎನ್ನುತ್ತಾರೆ. ಸೋಪಿನ ನೀರು ಚಿಮುಕಿಸಿ ಮೆಲ್ಲಗೆ ಆಡಿಸಿದರೆ ಕಚ್ಚಿದ ಕಣ ಕಿತ್ತು ಉಂಡೆಗೆ ಅಂಟುತ್ತದೆ. ಅವಸರ ಮಾಡಿ ಒತ್ತಿದರೆ ಬಣ್ಣಕ್ಕೇ ಗೀರು. ಉಂಡೆ ಮಡಿಸುತ್ತ, ಹೊಸ ಮೈ ಹೊರಳಿಸುತ್ತ ಮಧ್ಯಾಹ್ನದವರೆಗೆ ಬಗ್ಗಿದ ಸೊಂಟ ಎತ್ತಲಿಲ್ಲ. ಇನ್ನಾದರೂ ಇವನು ತಗಡು ಕಟ್ಟುತ್ತಾನೆಂಬ ಆಸೆ.

ಶಶಿಕಾಂತ ಕಾರು ಸವರಿ ನೋಡಿ ಹಿಗ್ಗಿದ. ಹಿಗ್ಗುತ್ತಲೇ ಗ್ರೈಂಡರಿನ ವೈರು ಎಳೆದು ಹೇಳಿದ: “ಸಂಜಿತನಕ ಇದನ್ನ ನಿನ್ನ ಶೆಡ್ಡಿನಾಗ ಇಡು ದೋಸ್ತ. ದೊಡ್ಡ ಗೇಟ್ ಕೊಯ್ಯೋದೈತಿ, ಕಿಡಿ ಭಾಳ ಹಾರತಾವು.”

ಶೆಡ್ಡಿನಲ್ಲಿ ಒಂದೇ ಕಾರಿಗೆ ಜಾಗ. ಹೊರಗೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಕರಬಸಪ್ಪನ ಕಾರು ಆಗಷ್ಟೇ ತೊಳೆಸಿಕೊಂಡು ನಿಂತಿತ್ತು. ಗ್ರೈಂಡರ್ ಕಿರುಚತೊಡಗಿತು.

ರಜಾಕನಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ತಿಳಿಯದವನೆಂದು ಇಷ್ಟು ದಿನ ತಿಳಿಹೇಳಿದ್ದೇ ಹೇಳಿದ್ದು! ತಿಳಿದ ಮೇಲೆ ಇವನು ಉಳಿಸಿಕೊಂಡದ್ದು ತನ್ನ ಕಾರನ್ನು ಮಾತ್ರ. ರಜಾಕ ಕೀಲಿ ಎತ್ತಿಕೊಂಡ. ಶಶಿಕಾಂತನ ಕಾರನ್ನು ನಡೆಸಿಕೊಂಡು ಹೋಗಿ, ಕಿಡಿ ಹಾರುವ ಕಡೆಗೇ ಮುಖ ಮಾಡಿ ನಿಲ್ಲಿಸಿದ. ಕರಬಸಪ್ಪನ ಕಾರನ್ನು ಶೆಡ್ಡಿಗೆ ಹಾಕಿದ.

ಗ್ರೈಂಡರ್ ತಟ್ಟನೆ ನಿಂತಿತು.

“ಏ, ತಲಿ ಕೆಟ್ಟೈತೇನೋ ನಿನಗ? ಕೀಲಿ ಕೊಡು!”

“ತಗಡು ಕಟ್ಟು. ಆಮ್ಯಾಲ ಕೊಡತೇನಿ.”

ಅಂದು ಗೇಟಿನ ಕೆಲಸ ಆಗಲಿಲ್ಲ. ತಗಡಿನ ಕೆಲಸ ಆಯಿತು.