ನಾನು ತಿದ್ದಿ ಕಳಿಸಿದ ಅರ್ಜಿ

ತಪ್ಪು ಕಂಡರೆ ತಿದ್ದದೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಮದುವೆ ಕರೆಯೋಲೆ ಕೊಡಲು ಬಂದವರನ್ನು ಕೂರಿಸಿಕೊಂಡು, ಅವರ ಎದುರಿಗೇ ಕೆಂಪು ಪೆನ್ನು ತೆಗೆದು ಕಾಗುಣಿತ ಸರಿಮಾಡಿ ತೋರಿಸಿದವಳು ನಾನು. ಅವರು ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಆ ಮದುವೆಗೆ ನಮ್ಮ ಯಜಮಾನರು ಒಬ್ಬರೇ ಹೋಗಿ ಉಂಡು ಬಂದರು. ತಿಪಟೂರಿನ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಲು ಶುರುಮಾಡಿ ಇಪ್ಪತ್ತೈದು ವರ್ಷದ ಮೇಲಾಯಿತು. ನನ್ನ ಈ ಚಾಳಿಯಿಂದ ನಾಲ್ಕು ಜನ ಮುಖ ಗಂಟುಹಾಕಿಕೊಂಡಿರಬಹುದು, ಯಾರಿಗೂ ಕೇಡಾಗಿಲ್ಲ ಎಂದೇ ನಂಬಿದ್ದೆ. ಹೋದ ವರ್ಷ ಒಬ್ಬಳಿಗೆ ಆಯಿತು. ಅದನ್ನು ಎಲ್ಲಾದರೂ ಹೇಳಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

ನಮ್ಮ ವಿಭಾಗಕ್ಕೆ ಒಂದು ಪ್ರಕಟಣೆ ಬಂದಿತ್ತು. ಮೊಬೈಲು, ಸೋಶಿಯಲ್ ಮೀಡಿಯಾ, ಈಗ ಹೊಸದಾಗಿ ಎಐ, ಇವೆಲ್ಲ ಬಂದ ಮೇಲೆ ಪ್ರಜಾಪ್ರಭುತ್ವ ಏನಾಗುತ್ತಿದೆ ಎಂದು ಅಧ್ಯಯನ ಮಾಡುವ ಯುವಜನರಿಗೆ ಒಂದು ವರ್ಷದ ಫೆಲೋಶಿಪ್. ಅರ್ಜಿಯ ಜೊತೆ ಎಂಟು ಪುಟದ ಬರಹ ಕೊಡಬೇಕು, ಕನ್ನಡದಲ್ಲೂ ಬರೆಯಬಹುದು. ಎಂ.ಎ. ತರಗತಿಯಲ್ಲಿ ಓದಿ ಹೇಳಿದೆ. ಎಲ್ಲರೂ ತಲೆಯಾಡಿಸಿ ಎದ್ದು ಹೋದರು. ಒಬ್ಬಳು ಮಾತ್ರ ಬಾಗಿಲ ಹತ್ತಿರ ನಿಂತಿದ್ದಳು.

ಹಂದನಕೆರೆ ಕಡೆಯ ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದ ಹುಡುಗಿ. ಮೊದಲನೇ ವರ್ಷ. ಕ್ಲಾಸಿನಲ್ಲಿ ಬಾಯಿ ಬಿಡುತ್ತಿದ್ದದ್ದು ಅಪರೂಪ, ಬಿಟ್ಟರೆ ಎದುರಿನವರು ಉತ್ತರ ಹುಡುಕಬೇಕು, ಅಂಥವಳು.

"ನಮ್ಮೂರ ಶೆಡ್ಡಿನ ಬಗ್ಗೆ ಬರೀಬೋದಾ ಮೇಡಂ?" ಎಂದು ಕೇಳಿದಳು.

ಒಣಗಿದ ತೆಂಗಿನಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುವ ಶೆಡ್ಡು ಅದು. ಅವಳ ತಾಯಿಯೂ ಸೇರಿ ಹತ್ತು ಹನ್ನೆರಡು ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕೂತು ಕೆಲಸ ಮಾಡುತ್ತಾರೆ. ಚೀಲದ ಮೇಲೆ ಒಂದು ಮೊಬೈಲು ಒರಗಿಸಿಟ್ಟಿರುತ್ತಾರೆ. ಅದು ಹಾಡುತ್ತದೆ, ಸುದ್ದಿ ಹೇಳುತ್ತದೆ, ಯಾರೋ ಕಳಿಸಿದ ವಿಡಿಯೊ ತೋರಿಸುತ್ತದೆ. ಅವರ ಪಂಚಾಯಿತಿಯಲ್ಲಿ ಖಾಲಿಯಾಗಿದ್ದ ಒಂದು ಸ್ಥಾನಕ್ಕೆ ಉಪಚುನಾವಣೆ ನಡೆದಾಗ ಅದೇ ಶೆಡ್ಡಿನ ಒಬ್ಬ ಹೆಂಗಸು ನಿಂತಿದ್ದಳು. ಮತದಾನಕ್ಕೆ ಮೂರು ದಿನ ಇರುವಾಗ ಎಲ್ಲರ ಫೋನಿಗೂ ಒಂದು ಆಡಿಯೊ ಬಂತು. ಗೆದ್ದರೆ ಕುಡಿಯುವ ನೀರಿನ ಘಟಕವನ್ನು ತನ್ನ ಬೀದಿಗೆ ಎತ್ತಿಸಿಕೊಂಡು ಹೋಗುತ್ತೇನೆಂದು ಅವಳದೇ ದನಿ ಹೇಳುತ್ತಿತ್ತು. ಅವಳು ಹಾಗೆ ಎಲ್ಲೂ ಹೇಳಿರಲಿಲ್ಲ. ದನಿಯನ್ನು ಯಾರೋ ಎಐಯಲ್ಲಿ ಮಾಡಿದ್ದರು. ಅವಳು ಸೋತಳು. ಹುಡುಗಿ ಬರೆಯಬೇಕೆಂದಿದ್ದು ಇದನ್ನೇ.

ನಾನೂ ಒಂದು ದಿನ ಅವಳ ಜೊತೆ ಆ ಶೆಡ್ಡಿಗೆ ಹೋದೆ. ಕೂರಲು ಒಂದು ಖಾಲಿ ಚೀಲ ಮಡಚಿ ಕೊಟ್ಟರು. ಸೋತ ಹೆಂಗಸು ಮೂಲೆಯಲ್ಲಿ ಕೂತು ಕೈ ನಿಲ್ಲಿಸದೆ ಕಾಯಿ ಒಡೆಯುತ್ತಿದ್ದಳು. ಮಿಕ್ಕವರು ಮಾತಾಡಿದರು.

"ಅವ್ಳು ನಮ್ ಜೊತೆ ಹದಿನೈದು ವರ್ಷದಿಂದ ಕುಂತವ್ಳೆ. ಆ ಆಡಿಯೊದಲ್ಲಿ ಬಂದಂಗೆ ‘ಆದ್ದರಿಂದ ನಾನು ನಿರ್ಧರಿಸಿದ್ದೇನೆ’ ಅಂತ ಯಾವತ್ತಾದ್ರೂ ಅಂದವ್ಳಾ? ರೇಡಿಯೋದೋರ ತರ?" ಎಂದು ಒಬ್ಬಾಕೆ ನಕ್ಕಳು.

"ಹಂಗಾದ್ರೆ ಅದು ಸುಳ್ಳು ಅಂತ ಗೊತ್ತಿತ್ತಾ ನಿಮಗೆ?" ಎಂದೆ.

ಉತ್ತರ ಕೊಟ್ಟವಳು ಹುಡುಗಿಯ ತಾಯಿ. "ಕೇಳಿದ ಗಳಿಗೇಲೆ ಗೊತ್ತಾಯ್ತು ಮೇಡಮ್ನೋರೆ. ಆದ್ರೆ ಮನೇಲಿ ಗಂಡಸ್ರು ಆಗ್ಲೇ ಅವ್ಳಿಗೆ ಓಟು ಹಾಕಬಾರ್ದು ಅಂತ ತೀರ್ಮಾನ ಮಾಡ್ಬುಟ್ಟಿದ್ರು. ನಾನು ಸುಳ್ಳು ಅಂದ್ರೆ, ಮೊಬೈಲ್ ವಿಷ್ಯ ನಿಂಗೇನೇ ಗೊತ್ತು ಅಂದ್ರು. ಅಲ್ಲಿಗೆ ಸುಮ್ನಾದೆ. ಎಲ್ರೂ ಹಂಗೇ ಸುಮ್ನಾದೋ."

ಹೊರಡುವಾಗ ಹುಡುಗಿಯ ತಾಯಿ ಮಗಳ ಕಡೆ ತಿರುಗಿ, "ನಾವು ಹೇಳಿದ್ದನ್ನ ಹಂಗೇ ಬರಿ ಕಣೇ, ನಿಂದೊಂದು ಸೇರಿಸಬ್ಯಾಡ," ಎಂದಳು. ಮಗಳು ಆಗಲಿ ಎಂದಳು.

ಹಾಗೇ ಬರೆದಳು. ಸುಳ್ಳು ಗೆದ್ದದ್ದು ಜನ ನಂಬಿದ್ದರಿಂದಲ್ಲ, ನಂಬದವರ ಮಾತಿಗೆ ಮನೆಯಲ್ಲಿ ಬೆಲೆ ಇಲ್ಲದ್ದರಿಂದ. ಎಂಟು ಪುಟದ ತಿರುಳು ಇಷ್ಟೆ. ಎಂಥೆಂಥ ಪುಸ್ತಕ ಓದಿದ ನನಗೂ ಅದು ಹೊಳೆದಿರಲಿಲ್ಲ. ಆದರೆ ಬರಹ ಅವಳ ಊರಿನ ಮಾತಿನಂತೆಯೇ ಇತ್ತು. ಒಂದು ವಾಕ್ಯ ಅರ್ಧ ಪುಟ ಹೋಗುತ್ತಿತ್ತು. ಹೆಂಗಸರು ಆಡಿದ ಮಾತು ಬೈಗುಳದ ಸಮೇತ ಹಾಗೆ ಹಾಗೇ ಕೂತಿತ್ತು. ಓದುತ್ತ ಓದುತ್ತ ನನ್ನ ಕೈ ಕಡಿಯತೊಡಗಿತು.

ಅರ್ಜಿಗೆ ಕೊನೆಯ ದಿನ ಅವಳಿಗೆ ಜ್ವರ. ಫೋನಿನಲ್ಲಿ ಟೈಪ್ ಮಾಡಿದ್ದನ್ನು ನನಗೆ ಕಳಿಸಿ, "ನೀವೇ ಒಂದ್ಸಲ ನೋಡಿ ಹಾಕ್ಬುಡಿ ಮೇಡಂ," ಎಂದಳು. ಪಾಸ್‌ವರ್ಡನ್ನೂ ಕೊಟ್ಟಳು.

ನಾನು ಕೊಬ್ಬರಿ ವ್ಯಾಪಾರಿಯ ಮಗಳು. ಬಿರುಕಿಲ್ಲದ ದುಂಡನೆಯ ಉಂಡೆಗಳನ್ನು ಆರಿಸಿ ಚೀಲದ ಬಾಯಿಗೆ ಜೋಡಿಸುವುದನ್ನು ನೋಡಿಕೊಂಡೇ ಬೆಳೆದವಳು. ಕೊಳ್ಳುವವನ ಕಣ್ಣಿಗೆ ಮೊದಲು ಬೀಳುವುದು ಚೆನ್ನಾಗಿರಬೇಕು, ಅದು ಮೋಸವಲ್ಲ, ಅದು ಮಾಲಿಗೆ ಕೊಡುವ ಮರ್ಯಾದೆ ಎಂದು ನಮ್ಮಪ್ಪ ಹೇಳುತ್ತಿದ್ದರು. ಆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಅದನ್ನೇ ಮಾಡಿದೆ. ದೊಡ್ಡ ದೊಡ್ಡ ಊರಿನ ಮಕ್ಕಳ ಅರ್ಜಿಗಳ ನಡುವೆ ನಮ್ಮ ಹುಡುಗಿಯದು ಹಳ್ಳಿಗುಗ್ಗಾಗಿ ಕಾಣಬಾರದಲ್ಲ! ನಿಜ ಹೇಳಬೇಕೆಂದರೆ, ನಮ್ಮ ಕಾಲೇಜಿನ ಹೆಸರು, ಶಿಫಾರಸು ಬರೆದ ನನ್ನ ಹೆಸರು ಅದರ ಜೊತೆಗಿತ್ತು. ನನಗೆ ನಾಚಿಕೆಯಾಗಿತ್ತು. ಒಂದೊಂದೇ ವಾಕ್ಯ ತಿದ್ದಲು ಹೊತ್ತಿರಲಿಲ್ಲ. ಈಗ ಎಲ್ಲರ ಫೋನಿನಲ್ಲೂ ಇರುತ್ತದಲ್ಲ, ಆ ಎಐಗೆ ಎಂಟು ಪುಟವನ್ನೂ ಹಾಕಿ, ಶಿಷ್ಟ ಕನ್ನಡದಲ್ಲಿ, ಸಂಶೋಧನೆಯ ಭಾಷೆಯಲ್ಲಿ ಬರೆದುಕೊಡು ಎಂದೆ. ಕಾಫಿ ಆರುವಷ್ಟರಲ್ಲಿ ಕೊಟ್ಟಿತು. ಎಂಥ ಅಚ್ಚುಕಟ್ಟು! ಒಂದು ಅಕ್ಷರ ತಪ್ಪಿಲ್ಲ.

ಅರ್ಜಿಯ ಕೊನೆಯಲ್ಲಿ ಒಂದು ಚೌಕ ಇತ್ತು. ಈ ಬರಹ ನನ್ನದೇ, ಇದನ್ನು ಬರೆಯಲು ಎಐ ಬಳಸಿಲ್ಲ ಎಂದು ಅದರ ಮುಂದೆ ಬರೆದಿತ್ತು. ಅವಳ ಪರವಾಗಿ ಅದಕ್ಕೆ ಟಿಕ್ ಹಾಕಿದವಳು ನಾನು. ಬರೆದವಳು ಅವಳೇ ತಾನೆ, ನಾನು ತಿದ್ದಿಸಿದ್ದು ಮಾತ್ರ ಎಂದುಕೊಂಡೆ. ಅಷ್ಟು ಸಲೀಸಾಗಿ ಅಂದುಕೊಂಡೆ ಎನ್ನುವುದು ಈಗ ನೆನೆದರೆ ಮೈ ಉರಿಯುತ್ತದೆ.

ಎರಡು ತಿಂಗಳಾದ ಮೇಲೆ ಅವಳು ನನ್ನ ಮುಂದೆ ಬಂದು ಫೋನು ಹಿಡಿದಳು. ಬರಹ ಎಐಯಿಂದ ತಯಾರಾದದ್ದೆಂದು ಕಂಡುಬಂದಿದೆ, ಅರ್ಜಿದಾರರು ಸುಳ್ಳು ಘೋಷಣೆ ಕೊಟ್ಟಿದ್ದಾರೆ, ಆದ್ದರಿಂದ ಅರ್ಜಿ ತಿರಸ್ಕೃತ, ಮುಂದೆಯೂ ಅವರು ಅರ್ಜಿ ಹಾಕುವಂತಿಲ್ಲ ಎಂದು ಅದರಲ್ಲಿತ್ತು.

"ಹಂದನಕೆರೆ ಕಡೆಯೋಳು ಇಷ್ಟು ಬರೀತಾಳಾ ಅಂತ ಅನುಮಾನ ಬಂದಿರ್ಬೇಕು ಮೇಡಂ ಅವ್ರಿಗೆ. ನಾನು ಒಂದು ಸಾಲೂ ಎಲ್ಲಿಂದಾನೂ ತಗೊಂಡಿಲ್ಲ. ಸುಳ್ಳುಗಾತಿ ಅಂದ್ಬುಟ್ರಲ್ಲ," ಎಂದಳು. ಅಳಲಿಲ್ಲ. ಸಿಟ್ಟು ಬಂದಿತ್ತು.

ಆಗಲೇ ಹೇಳಿಬಿಡಬೇಕಿತ್ತು. ಬಾಯಿಗೆ ಬಂದಿತ್ತು ಕೂಡ. ಪಕ್ಕದ ಮೇಜಿನಲ್ಲಿ ಸಹೋದ್ಯೋಗಿಗಳು ಕೂತಿದ್ದರು. ನಾನು ಹೇಳಿದ್ದು ಇದು: "ಹೌದು ಕಣಮ್ಮ, ದೊಡ್ಡ ಜಾಗದೋರು ಹಂಗೇ." ಅವಳ ಸಿಟ್ಟಿಗೆ ಇನ್ನಷ್ಟು ಸೌದೆ ಒಟ್ಟಿ ಕಳಿಸಿದೆ. ಬದುಕಿನಲ್ಲಿ ಅಷ್ಟು ಹೇಡಿಯಾಗಿದ್ದು ನನಗೆ ನೆನಪಿಲ್ಲ.

ಆಮೇಲೆ ಹತ್ತು ದಿನ ಕ್ಲಾಸಿನಲ್ಲಿ ಅವಳು ಕೂರುವ ಬೆಂಚಿನ ಕಡೆ ನೋಡದೆ ಪಾಠ ಮಾಡಿದೆ. ಆ ವಾರದ ಪಾಠ ವಾಕ್ ಸ್ವಾತಂತ್ರ್ಯ. ಮನೆಯಲ್ಲಿ ಯಜಮಾನರಿಗೆ ಹೇಳಿದೆ. ಅವರು ಪೇಪರು ಮಡಚಿಟ್ಟು, "ನಿನ್ನ ಕೆಂಪು ಪೆನ್ನು ಅವತ್ತು ನಿನಗೆ ಒಂದು ಮದುವೆ ಊಟ ತಪ್ಪಿಸ್ತು, ಇವತ್ತು ಆ ಮಗೂದು ಹೆಸರೇ ಕೆಡಿಸ್ತು," ಎಂದರು. ರೇಗಿ ಎದ್ದು ಒಳಗೆ ಹೋದೆ. ರೇಗುವುದಕ್ಕೆ ನನಗೆ ಏನು ಹಕ್ಕಿತ್ತೋ.

ಹನ್ನೊಂದನೇ ದಿನ ಅವಳು ಒಂದು ಹಾಳೆ ಹಿಡಿದುಕೊಂಡು ಬಂದಳು. ಫೆಲೋಶಿಪ್ಪಿನವರಿಗೆ ಬರೆದ ಪತ್ರ. ಬರಹದ ಒಂದೊಂದು ಮಾತೂ ನನ್ನ ಊರಿನ ಹೆಂಗಸರು ಆಡಿದ್ದು, ಅದನ್ನು ನಾನೇ ಬರೆದದ್ದು ಎಂದಿತ್ತು. ಅದರ ಕೆಳಗೆ, ‘ನನ್ನ ಜೊತೆ ಬಂದು ಆ ಮಾತುಗಳನ್ನು ಕಿವಿಯಾರೆ ಕೇಳಿದ ನಮ್ಮ ಮೇಡಂ ಇದಕ್ಕೆ ಸಾಕ್ಷಿ.’ ನನ್ನ ಸಹಿಗೆ ಜಾಗ ಬಿಟ್ಟಿದ್ದಳು.

"ಇಲ್ಲೊಂದು ಸೈನು ಹಾಕ್ಕೊಡಿ ಮೇಡಂ. ನೀವು ಹೇಳಿದ್ರೆ ನಂಬ್ತಾರೆ."

ಪೆನ್ನು ಕೈಯಲ್ಲೇ ಇತ್ತು. ಕೆಳಗಿಟ್ಟೆ. ಎಲ್ಲ ಹೇಳಿದೆ. ಎಐಗೆ ಹಾಕಿದ್ದು, ಕಳಿಸಿದ್ದು, ಟಿಕ್ ಮಾಡಿದ್ದು, ಆ ದಿನ ಅವಳ ಎದುರು ನಿಂತು ಬಾಯಿ ಮುಚ್ಚಿಕೊಂಡಿದ್ದು. ಮಾತು ಮುಗಿಯುವವರೆಗೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಹಗುರವಾಗುತ್ತಿತ್ತೇನೋ.

"ಕಳಿಸಿದ್ದು ತೋರಿಸಿ," ಎಂದಳು.

ಕಂಪ್ಯೂಟರಿನಲ್ಲಿ ತೆಗೆದು ಕೊಟ್ಟೆ. ನನ್ನ ಕುರ್ಚಿಯಲ್ಲಿ ಕೂತು ಮೊದಲ ಪುಟದಿಂದ ಓದಿದಳು. ನಾನು ಹಿಂದೆ ನಿಂತಿದ್ದೆ. ಮೂರನೇ ಪುಟಕ್ಕೆ ಬಂದು ನಿಂತಳು. ಒಂದು ಸಾಲಿನ ಮೇಲೆ ಬೆರಳಿಟ್ಟು, ಗಟ್ಟಿಯಾಗಿ, ಮಗ್ಗಿ ಒಪ್ಪಿಸುವ ಹಾಗೆ ಓದಿದಳು: "ಗ್ರಾಮೀಣ ಮಹಿಳೆಯರಲ್ಲಿ ಡಿಜಿಟಲ್ ಸಾಕ್ಷರತೆಯ ಕೊರತೆಯಿಂದಾಗಿ ಅವರು ಸುಳ್ಳು ಮಾಹಿತಿಗೆ ಸುಲಭವಾಗಿ ಬಲಿಯಾಗುತ್ತಿದ್ದಾರೆ."

ಅವಳು ಬರೆದದ್ದು ಇದಕ್ಕೆ ತದ್ವಿರುದ್ಧ. ಹೆಂಗಸರ ಮಾತೆಲ್ಲ ಮಾಯವಾಗಿ ಅಲ್ಲಿ ಕೂತಿದ್ದದ್ದು, ಯಾವ ಊರಿನ ಯಾವ ವರದಿಯಲ್ಲಾದರೂ ಸಿಗುವಂಥ ಒಂದು ಸಾಲು. ಎಲ್ಲರೂ ಹಾಗೆಯೇ ಬರೆಯುತ್ತಾರೆಂದು ಯಂತ್ರವೂ ಹಾಗೆಯೇ ಬರೆದಿತ್ತು. ಆ ಶೆಡ್ಡಿನಲ್ಲಿ ಚೀಲದ ಮೇಲೆ ಕೂತು ಕಿವಿಯಾರೆ ಕೇಳಿದವಳು ನಾನು, ಯಂತ್ರವಲ್ಲ.

"ಇದು ನಮ್ಮವ್ವ ಮೇಡಂ," ಎಂದಳು ಪರದೆ ತೋರಿಸಿ. "ಗೊತ್ತಿತ್ತು ಅಂತ ನಿಮ್ಮ ಎದುರಿಗೇ ಹೇಳ್ತಲ್ಲ. ಅವ್ಳನ್ನ ಏನೂ ತಿಳೀದೋಳು ಅಂತ ಬರ್ದದೆ." ಆಮೇಲೆ ತಿರುಗಿ ಕೇಳಿದಳು: "ಕಳಿಸೋಕೆ ಮುಂಚೆ ನೀವು ಓದಿದ್ರಾ?"

ಓದಿಲ್ಲ ಎನ್ನಬಹುದಿತ್ತು. ಅವಸರದಲ್ಲಿದ್ದೆ, ಕಣ್ಣಾಡಿಸಿದೆ ಅಷ್ಟೇ ಎನ್ನಬಹುದಿತ್ತು. ಅವಳೂ ಅದನ್ನೇ ಬಯಸುತ್ತಿದ್ದಳೇನೋ.

"ಎರಡು ಸಲ ಓದಿದೆ," ಎಂದೆ.

"ಏನೂ ಅನ್ನಿಸ್ಲಿಲ್ವಾ?"

"ಚೆನ್ನಾಗಿದೆ ಅನ್ನಿಸ್ತು."

ಅವಳು ಎದ್ದು, ಮೇಜಿನ ಮೇಲಿದ್ದ ತನ್ನ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೋದಳು.

ಅಂದು ಸಂಜೆಯೊಳಗೆ ನಾನೇ ಫೆಲೋಶಿಪ್ಪಿನವರಿಗೆ ಬರೆದೆ. ಅವಳ ಮೂಲ ಬರಹವನ್ನೂ ಸೇರಿಸಿ, ತಪ್ಪು ಪೂರ್ತಿ ನನ್ನದು, ಘೋಷಣೆಗೆ ಟಿಕ್ ಹಾಕಿದವಳೂ ನಾನೇ ಎಂದು ಬರೆದು, ಪ್ರಿನ್ಸಿಪಾಲರಿಗೂ ಒಂದು ಪ್ರತಿ ಕೊಟ್ಟೆ. ಅವರು ಕರೆಸಿ, ಇದೆಲ್ಲ ಯಾಕೆ ಬೇಕಿತ್ತು ಮೇಡಂ ಎಂದರು. ಇನ್ನು ಮುಂದೆ ನಾನು ಯಾರಿಗೂ ಶಿಫಾರಸು ಬರೆಯುವುದು ಬೇಡ ಎಂದು ತೀರ್ಮಾನವಾಯಿತು. ಅದು ನ್ಯಾಯವೇ. ತಿಂಗಳಾದ ಮೇಲೆ ಉತ್ತರ ಬಂತು. ಅವಳ ಮೇಲಿನ ನಿರ್ಬಂಧ ತೆಗೆದಿದ್ದೇವೆ, ಈ ವರ್ಷದ ಆಯ್ಕೆ ಮುಗಿದಿದೆ ಎಂದಿತ್ತು. ಉತ್ತರವನ್ನು ಪ್ರಿಂಟ್ ಹಾಕಿಸಿ ಅವಳ ಕೈಗೆ ಕೊಟ್ಟೆ. ಥ್ಯಾಂಕ್ಸ್ ಮೇಡಂ ಎಂದಳು.

ಅವಳ ತಾಯಿಯ ಹತ್ತಿರ ಹೋಗಿ ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಹೊರಟೆ. ಒಂದು ಸಲ ಹಂದನಕೆರೆವರೆಗೂ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿದು, ಅದೇ ಬಸ್ಸಿಗೆ ಹತ್ತಿ ವಾಪಸ್ ಬಂದೆ. ಏನೆಂದು ಹೇಳುವುದು? ಗಂಡಸರು ನಿನಗೇನು ಗೊತ್ತು ಎಂದು ಮನೆಯೊಳಗೆ ಅಂದರು. ನಾನು ಅದನ್ನೇ ಅಚ್ಚುಕಟ್ಟಾದ ಕನ್ನಡದಲ್ಲಿ ಊರಾಚೆಗೆ ಬರೆದು ಕಳಿಸಿದೆ.

ಈ ವರ್ಷ ಅದೇ ಪ್ರಕಟಣೆ ಮತ್ತೆ ಬಂದಿದೆ. ಕ್ಲಾಸಿನಲ್ಲಿ ಓದಿ ಹೇಳಿದೆ. ಅವಳು ಹಾಳೆಯಲ್ಲಿ ಗುರುತು ಹಾಕಿಕೊಂಡದ್ದು ಕಂಡಿತು. ಆಮೇಲೆ ಅರ್ಜಿ ಹಾಕಿದಳೆಂದು ಅವಳ ಗೆಳತಿಯಿಂದ ತಿಳಿಯಿತು. ಕಾರಿಡಾರಿನಲ್ಲಿ ಎದುರಾದರೆ ಮೊದಲಿನಂತೆಯೇ ನಮಸ್ಕಾರ ಮಾಡುತ್ತಾಳೆ, ಊಟ ಆಯ್ತಾ ಮೇಡಂ ಎಂದು ಕೇಳುತ್ತಾಳೆ. ಈ ಸಲ ಏನು ಬರೆದಿದ್ದಾಳೋ ಗೊತ್ತಿಲ್ಲ. ನನಗೆ ತೋರಿಸಲಿಲ್ಲ.