ಫಕ್ಕೀರವ್ವ ತೋರಿಸಿದ ಹರಳು

ಅಕ್ಕಿಯಲ್ಲಿ ಸಿಕ್ಕ ಒಂದೊಂದು ಹರಳನ್ನೂ ಫಕ್ಕೀರವ್ವ ಅಂಗೈ ಮೇಲಿಟ್ಟು ನಮಗೆ ತೋರಿಸಿಯೇ ಎಸೆಯುತ್ತಿದ್ದಳು. ಒಲೆಯ ಮೇಲೆ ಒಗ್ಗರಣೆ ಹೊತ್ತುತ್ತಿದ್ದರೂ ಸರಿ, ನಾನು ಹೊರಗೆ ಬಂದು ನೋಡಿ "ಹೂಂ" ಅನ್ನಬೇಕು. "ಸಾಕು ಬಿಡು, ನಿನ್ನ ಮ್ಯಾಲ ನಂಬಿಗಿ ಅದ" ಎಂದರೆ ಅವಳಿಗೆ ಸಿಟ್ಟು.

"ನಂಬಿಗಿ ಇರ್ಲಿ ಅಕ್ಕಾರ. ಅಕ್ಕಿ ನಿಮ್ದು. ನಾ ಏನು ಒಗದೆ ಅಂತ ನಿಮಗ ಗೊತ್ತಾಗಬೇಕೋ ಬ್ಯಾಡೋ?"

ಅಕ್ಕಿಆಲೂರಿನ ಗಿರಣಿಯೊಂದರಲ್ಲಿ ಅವಳಿಗೆ ಅಕ್ಕಿ ಹಸನು ಮಾಡುವ ಕೆಲಸ. ಭಾನುವಾರ ನಮ್ಮ ಮನೆಗೂ ಬರುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಾದ್ದರಿಂದ ಅವಳ ಬಾಯಲ್ಲಿ "ಅಕ್ಕಾರು". ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಮನೆಯಲ್ಲಿ ಅವಳು ಮತ್ತು ಅತ್ತೆ ಬಸವ್ವ, ಇಬ್ಬರೇ. ಬಸವ್ವನಿಗೆ ಒಂದು ಹಲ್ಲೂ ಇರಲಿಲ್ಲ. ರೊಟ್ಟಿ ನೆನೆಸಿ ಕೊಟ್ಟರೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು; ರೇಷನ್ ಅಕ್ಕಿಯ ಮೆತ್ತನೆಯ ಅನ್ನ ಮಜ್ಜಿಗೆಯೊಂದೇ ಇಳಿಯುತ್ತಿತ್ತು. ಇಬ್ಬರ ಜಗಳ ಓಣಿಗೆಲ್ಲ ಕೇಳಿಸುತ್ತಿತ್ತು. ಜಗಳದ ನಡುವೆಯೇ ಫಕ್ಕೀರವ್ವ ಅನ್ನ ಕಿವುಚಿ ಬಾಯಿಗೆ ಹಿಡಿಯುತ್ತಿದ್ದಳು.

"ಉಣ್ಣಬೇ, ಉಂಡು ಬೈಯಿ. ಬೈಯಾಕರ ಶಕ್ತಿ ಬೇಕಲ್ಲ?"

ಒಂದು ತಿಂಗಳು ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ, ಕಾರ್ಡು ರದ್ದಾಗಿದೆ ಎಂದರು. ಮಿತಿಗಿಂತ ಹೆಚ್ಚು ಜಮೀನಿದೆಯಂತೆ! ಮುಂಚೆ ಒಂದು ನೋಟಿಸು ಇಲ್ಲ, ಒಂದು ಮಾತು ಇಲ್ಲ. ಖಾಲಿ ಚೀಲ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. ನಾನು, ಓದಿದವಳು, ಏನು ಹೇಳಿದೆ ಗೊತ್ತೇ? "ಕಂಪ್ಯೂಟರಿನಾಗ ಬಂದದ ಅಂದ್ರ ಏನರೆ ಕಾರಣ ಇರ್ತದ." ಈಗ ನೆನೆದರೆ ನನ್ನ ನಾಲಿಗೆಯ ಮೇಲೆ ನನಗೇ ಸಿಟ್ಟು ಬರುತ್ತದೆ.

ಪಹಣಿ ತೆಗೆಸಿ ನೋಡಿದ ಮೇಲೆ ಕಾರಣ ತಿಳಿಯಿತು. ಆಡೂರಿನ ಹತ್ತಿರ ಅವಳ ಗಂಡನ ಅಜ್ಜನ ಕಾಲದ ಹದಿನೆಂಟು ಎಕರೆ ಪಾಲಾಗದೆ ಹನ್ನೊಂದು ಜನರ ಹೆಸರಿನಲ್ಲಿ ಜಂಟಿಯಾಗಿ ಉಳಿದಿತ್ತು. ಹನ್ನೊಂದನೆಯ ಹೆಸರು ಫಕ್ಕೀರವ್ವನದು. ಅದರಿಂದ ವರ್ಷಕ್ಕೆ ಎರಡು ಚೀಲ ಗೋವಿನಜೋಳ ಬಂದರೆ ಹೆಚ್ಚು. ಕಚೇರಿಯ ಪುಣ್ಯಾತ್ಮರು ಹದಿನೆಂಟೂ ಎಕರೆ ಅವಳೊಬ್ಬಳದೇ ಎಂದು ಹಿಡಿದಿದ್ದರು. ನನ್ನ ಎಂಟನೇ ಕ್ಲಾಸಿನ ಮಕ್ಕಳು ಇಂಥ ತಪ್ಪು ಮಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ಇವರನ್ನು ಎಲ್ಲಿ ನಿಲ್ಲಿಸುವುದು?

ಮೇಲ್ಮನವಿ ನಾನೇ ಬರೆದುಕೊಟ್ಟೆ. ಮೊದಲ ಸಲ ಅವಳು ತಾಲ್ಲೂಕು ಕಚೇರಿಗೆ ಹೋದಾಗ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಎರಡನೆಯ ಸಲ ಅರ್ಜಿಯೇ ಸಿಗಲಿಲ್ಲ. ಮತ್ತೆ ಬರೆದುಕೊಟ್ಟೆ. ಮೂರನೆಯ ಸಲ ಗುಮಾಸ್ತ, "ಉಳದವ್ರು ಒಪ್ಪದ ನಿನ್ನ ಪಾಲು ಎಷ್ಟು ಅಂತ ನಮಗೇನು ಗೊತ್ತಬೇ?" ಎಂದನಂತೆ. ಇಷ್ಟರಲ್ಲಿ ನಾಲ್ಕು ತಿಂಗಳು ಕಳೆದಿದ್ದವು. ನಾನು ಆಗೀಗ ನಮ್ಮ ಮನೆಯ ಅಕ್ಕಿ ಕೊಟ್ಟರೆ ಬಸವ್ವನ ಮುಖ ನೋಡಿ ಒಯ್ಯುತ್ತಿದ್ದಳು, ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ.

"ಉಳದವ್ರು ಬೇಕೇನು? ತರ್ತೇನಿ ತಡೀರಿ," ಅಂದಳು.

ತಂದೇಬಿಟ್ಟಳು, ಹತ್ತೂ ಮಂದಿಯನ್ನು. ಚಿಕ್ಕೇರೂರು, ಶಿಗ್ಗಾಂವಿ, ಸವಣೂರು ಸುತ್ತಿ, ಒಬ್ಬರಿಗೊಬ್ಬರು ಮಾತು ಬಿಟ್ಟು ವರ್ಷಗಳಾಗಿದ್ದ ಭಾವ ಮೈದುನರನ್ನೆಲ್ಲ ಬೈದು, ಕೈಮುಗಿದು, ಬಸ್ಸು ಹತ್ತಿಸಿ ಕರೆತಂದಳು. ನಾನೂ ರಜೆ ಹಾಕಿ ಹೋಗಿದ್ದೆ. ಗುಮಾಸ್ತನ ಚಿಕ್ಕ ಕೋಣೆಯಲ್ಲಿ ಹತ್ತು ಜನ ಒತ್ತರಿಸಿ ನಿಂತರು. ಫಕ್ಕೀರವ್ವನಿಗೆ ಹೊಸ್ತಿಲ ಒಳಗೆ ಒಂದು ಪಾದ ಊರುವಷ್ಟೇ ಜಾಗ.

"ಈ ಖೋಲಿನ ನಮ್ಮ ಹೊಲಾ ಅನ್ಕೋರಿ ಸಾಹೇಬ್ರ. ಎಲ್ಲಾರೂ ತಮ್ಮ ತಮ್ಮ ಪಾಲಿನಾಗ ನಿಂತಾರ. ನನಗ ಎಷ್ಟು ಉಳೀತು, ನೀವ ನೋಡಿ ಹೇಳ್ರಿ."

ಯಾರೋ ನಕ್ಕರು. ಅವಳು ನಗಲಿಲ್ಲ.

"ನಾ ಒಂದು ಹಳ್ಳು ಒಗೀಬೇಕಾದ್ರೂ ಅಕ್ಕಿ ಯಾರದೋ ಅವ್ರಿಗೆ ತೋರಿಸಿ ಒಗೀತೇನ್ರಿ. ನೀವು ಎರಡು ಜೀವಾ ಒಗದ್ರಿ. ಯಾರಿಗೆ ತೋರಿಸಿದ್ರಿ?"

ಗುಮಾಸ್ತ ಹತ್ತೂ ಜನರ ಹೇಳಿಕೆ ಬರೆದುಕೊಂಡು ಅರ್ಜಿಗೆ ಅಂದೇ ಠಸೆ ಹಾಕಿದ.

ಠಸೆ ಬಿದ್ದ ಮೇಲೂ ಮೂರು ತಿಂಗಳು ಕಳೆದವು. ಕೊನೆಗೆ ಕಾರ್ಡು ಮರಳಿ ಬಂತು. ಎರಡೂ ಹೆಸರು ಸರಿಯಾಗಿದ್ದವು. ಬಸವ್ವ ತೀರಿಕೊಂಡು ಹದಿನೈದು ದಿನವಾಗಿತ್ತು. ವಯಸ್ಸಾಗಿತ್ತು ಎಂದು ಓಣಿಯವರು ಅಂದರು. ಕಚೇರಿಯವರೂ ಅದನ್ನೇ ಅಂದರು. ವಯಸ್ಸಾಗಿತ್ತು, ಒಪ್ಪುತ್ತೇನೆ. ಆದರೆ ಗಿರಣಿಯ ನೆಲದ ನುಚ್ಚು ಗುಡಿಸಿ ತಂದು ಗಂಜಿ ಕಾಯಿಸಿದ್ದನ್ನು, ಅದೂ ಸಿಗದ ದಿನ ಮುದುಕಿ ಬರೀ ಚಹಾ ಕುಡಿದು ಮಲಗಿದ್ದನ್ನು ಅವರ ಯಾವ ಕಡತದಲ್ಲೂ ಬರೆದಿಲ್ಲ. ತಪ್ಪಾಯಿತು ಎಂದು ಒಬ್ಬರೂ ಹೇಳಲಿಲ್ಲ.

ಮರುವಾರವೇ ಫಕ್ಕೀರವ್ವ ಗಿರಣಿ ಬಿಟ್ಟು ಚಿಕ್ಕೇರೂರಿನ ತಂಗಿಯ ಮನೆಗೆ ಹೋದಳು. ಮತ್ತೆ ಈ ಕಡೆ ಬಂದಿಲ್ಲ. ನಾನೀಗ ಪ್ಯಾಕೆಟ್ ಅಕ್ಕಿ ತರುತ್ತೇನೆ. ಹೋಗುವ ಮುಂಚೆ ಅವಳು ಕಾರ್ಡಿನಿಂದ ಅತ್ತೆಯ ಹೆಸರು ತೆಗೆಸಬೇಕೆಂದು ನನ್ನನ್ನು ಕಚೇರಿಗೆ ಕರೆದೊಯ್ದಿದ್ದಳು.

"ಏನು ಅವಸರ? ಅಕಿ ಪಾಲಿಂದು ಏಳು ತಿಂಗಳು ಅವರ ಕೊಟ್ಟಿಲ್ಲ, ಈಗೊಂದಿಷ್ಟು ತಿಂಗಳು ತಗೋ," ಎಂದೆ.

"ಸತ್ತಾಕಿ ಹೆಸರಲೆ ನಾ ಉಣ್ಣೂದಿಲ್ರಿ ಅಕ್ಕಾರ."

ಅದೇ ಗುಮಾಸ್ತ. ಮರಣಪತ್ರ ನೋಡಿದ, ನಾಲ್ಕು ಸಲ ಕೀಲಿ ಒತ್ತಿ, "ಇನ್ನೊಂದು ಸಲ ಒತ್ತಿದ್ರ ಮುಗೀತು" ಎಂದ. ಚಹಾದವನು ತಂದಿಟ್ಟ ಕಪ್ಪು ಇನ್ನೂ ಹೊಗೆಯಾಡುತ್ತಿತ್ತು.

"ತಗಿಯೂದು ಇಷ್ಟು ಲಗು ಆಕ್ಕೈತೇನ್ರಿ?" ಎಂದಳು ಫಕ್ಕೀರವ್ವ. ಆಮೇಲೆ ಮೇಜಿನ ಮೇಲೆ ಕೈಯೂರಿ, "ಇನ್ನೊಂದು ಸಲ ಒತ್ತಬ್ಯಾಡ್ರಿ. ಮೊದಲ ತೋರಸ್ರಿ," ಅಂದಳು.

ಅವನು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದ. ಅವಳಿಗೆ ಓದಲು ಬರುತ್ತಿರಲಿಲ್ಲ. ನಾನು ಬೆರಳಿಟ್ಟು "ಬಸವ್ವ" ಎಂದು ಓದಿದೆ. ಆ ಬೆರಳನ್ನೇ ಸ್ವಲ್ಪ ಹೊತ್ತು ನೋಡಿ ಫಕ್ಕೀರವ್ವ, "ಹೂಂ" ಅಂದಳು.